ಸಹಾಯ ಬೇಕು: ಮಕ್ಕಳ ಪ್ರವಾಸದಲ್ಲಿ ಎಲೆ-ಕಲ್ಲಿನ ಕಲೆ

ಮುಂಬಯಿಯ ಬಂಧುಗಳಿಗೆ ನಮಸ್ಕಾರ. ನಾನು ಇಲ್ಲಿನ ಕನ್ನಡ ಮಾಧ್ಯಮ ಶಾಲೆಯೊಂದರ ಟೀಚರ್. ಫೆಬ್ರವರಿಯಲ್ಲಿ ಏಳನೇ ತರಗತಿಯ 34 ಮಕ್ಕಳನ್ನು ಹೊರಗೆ ಕರೆದೊಯ್ದು, ಬಿದ್ದ ಎಲೆ, ಕಲ್ಲು, ಕಡ್ಡಿಗಳಿಂದ ನೆಲದ ಮೇಲೆ ಚಿತ್ರ ಮಾಡಿಸುವ ಆಸೆ. 1970ರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್ಸನ್ ಉಪ್ಪು ಸರೋವರದೊಳಗೆ ಕಪ್ಪು ಬಸಾಲ್ಟ್ ಕಲ್ಲು, ಮಣ್ಣು ಸುರಿದು ಸುಮಾರು 1,500 ಅಡಿಯ ಸುರುಳಿ ಕಟ್ಟಿದ ಕಥೆ ಹೇಳಿದ್ದೆ. "ಟೀಚರ್, ನಮ್ಮ ಕಾನ್ಹೇರಿ ಗುಹೆಯದ್ದೂ ಅದೇ ಕಲ್ಲಲ್ವಾ?" ಅಂದ ಒಬ್ಬ. ಅಂದಿನಿಂದ ಬಿಡುತ್ತಿಲ್ಲ.

ಮೊದಲು ಬೊರಿವಲಿಯ ರಾಷ್ಟ್ರೀಯ ಉದ್ಯಾನ ಅಂದುಕೊಂಡಿದ್ದೆ. ಆದರೆ ಅದು ಸಂರಕ್ಷಿತ ಕಾಡು, ಎಲೆ-ಕಲ್ಲು ಆಯುವುದು ಸರಿಯಲ್ಲ. ಹಾಗಾಗಿ ಗೊರಾಯಿ ಅಥವಾ ಅಕ್ಸಾ ಕಡಲತೀರ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಇಳಿತದಲ್ಲಿ ಮಾಡಿದ್ದನ್ನು ಭರತ ಬಂದು ಅಳಿಸುವುದನ್ನೂ ಮಕ್ಕಳು ನೋಡಲಿ. ಬೆಳಗ್ಗೆ ಹಾಕಿದ ರಂಗೋಲಿ ಸಂಜೆಗೆ ಉಳಿಯುತ್ತದೆಯೇ?

ಕಳೆದ ವರ್ಷ ಪಾರ್ಕೊಂದರಲ್ಲಿ ಪ್ರಯತ್ನಿಸಿ ಪೇಚಾಡಿದೆ. ಗಾಳಿಗೆ ಎಲೆಗಳೆಲ್ಲ ಹಾರಿದವು, ಇಬ್ಬರು ಹಸಿ ಟೊಂಗೆಯನ್ನೇ ಮುರಿದರು, ಮಾಲಿ ಬೈದ (ನ್ಯಾಯವಾಗಿಯೇ). ಈ ಸಲ ಗೋಂದು, ದಾರ ಬೇಡ. ಮುತ್ತುಗದ ಎಲೆಯ ಊಟದೆಲೆ ಹಚ್ಚುವಂತೆ ಕಡ್ಡಿಯಿಂದಲೇ ಚುಚ್ಚಬೇಕು. ಅದನ್ನು ಕಲಿಸಬಲ್ಲ ಊರಿನ ಅಜ್ಜಿಯರು ಯಾರಾದರೂ ಇದ್ದೀರಾ? ಕೆಂಪಾಗಿ ಉದುರಿದ ಕಾಡುಬಾದಾಮಿ ಎಲೆ, ಗುಲ್‌ಮೊಹರ್ ಕೋಡು ನಿಮ್ಮ ಸೊಸೈಟಿಯಲ್ಲಿ ಸಿಕ್ಕರೆ ಗುಡಿಸಿ ಬಿಸಾಡದೆ ಎತ್ತಿಡಿ, ನಾನೇ ಬಂದು ಒಯ್ಯುತ್ತೇನೆ. ಮಕ್ಕಳ ಮೇಲೆ ಕಣ್ಣಿಡಲು ಇಬ್ಬರು ಪಾಲಕರೂ ಬೇಕು. ನೀರಿಗಿಳಿಯಲು ಯಾರನ್ನೂ ಬಿಡುವುದಿಲ್ಲ.