‘ಬಂದೂಕು ಹಕ್ಕು’ ಸರಿ, ಆದ್ರೆ ‘ಬೈಬ್ಯಾಕ್’ಗೆ ಏನನ್ನೋಣ?

ಎಲ್ರಿಗೂ ನಮಸ್ಕಾರ. ಹೈಸ್ಕೂಲ್ ಮಕ್ಕಳಿಗೆ ಅಂತ ಗನ್ ಕಾನೂನುಗಳ ಬಗ್ಗೆ ಒಂದು ಪಾಠ ಬರೀತಾ ಇದೀನಿ, ಜಯನಗರದ ಮನೇಲಿ ಕೂತು ಮೂರು ದಿನದಿಂದ ಎರಡು ಪದದಲ್ಲೇ ಸಿಕ್ಕಾಕೊಂಡಿದೀನಿ.

ಮೊದಲ್ನೇದು ಹಕ್ಕು. ಅಮೆರಿಕಕ್ಕೆ ‘ಬಂದೂಕು ಹಕ್ಕು’ ಅನ್ನೋದು ಸರಿಯಾಗೇ ಹೊಂದುತ್ತೆ, 1791ರಲ್ಲಿ ಅಲ್ಲಿನ ಸಂವಿಧಾನಕ್ಕೆ ಆದ ಎರಡನೇ ತಿದ್ದುಪಡಿ ಇದೆ, ಅದು ಒಬ್ಬೊಬ್ಬ ವ್ಯಕ್ತಿಗೂ ಇರೋ ಹಕ್ಕು ಅಂತ 2008ರ ಹೆಲ್ಲರ್ ಕೇಸಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಆದ್ರೆ ಕೊಡವರ ವಿಷಯಕ್ಕೂ ‘ಕೋವಿ ಹಕ್ಕು’ ಅಂತಾನೇ ಬರೀತೀವಲ್ಲ, ಕಾನೂನು ಪ್ರಕಾರ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕಿಲ್ಲ ಅಂತ ಸಿಕ್ಕಿರೋ ವಿನಾಯಿತಿ, 2029ರವರೆಗೆ ಅಂತ ಗಡುವೂ ಇದೆ. ಹಾಗಂತ ಮಡಿಕೇರಿ ಕಡೆ ಗೆಳೆಯನ ಹತ್ರ ‘ವಿನಾಯಿತಿ’ ಅಂದೆ, ಅವನ ಮುಖ ಸಣ್ಣಗಾಯ್ತು. ಕೊಡವರ ಆಯುಧ ಪೂಜೆ ಹಬ್ಬ ಕೈಲ್‌ಪೊಳ್ದ್ ದಿನ ನಳಿಕೆಗೆ ತೋಕ್‌ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡೋ ಕೋವಿಗೆ ಅದು ತೀರಾ ಆಫೀಸ್ ಮಾತಾಯ್ತು ಅಂತ ನಂಗೂ ಅನ್ನಿಸ್ತು. ಪಾಠದಲ್ಲಿ ಎರಡೂ ಪದ ಇಟ್ಟು ವ್ಯತ್ಯಾಸ ಹೇಳ್ತೀನಿ, ಅದು ಬಗೆಹರೀತು.

ಬಗೆಹರಿಯದೇ ಇರೋದು ‘ಬೈಬ್ಯಾಕ್’. 1996ರಲ್ಲಿ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಗುಂಡು ಹಾರಿಸಿ 35 ಜನ ಸತ್ತ ಮೇಲೆ ಆಸ್ಟ್ರೇಲಿಯಾ ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕು ದುಡ್ಡು ಕೊಟ್ಟು ತಗೊಂಡು ನಾಶ ಮಾಡ್ತು, 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಗುಂಡಿನ ದಾಳಿ ಆದ್ಮೇಲೆ ನ್ಯೂಜಿಲೆಂಡ್ ಕೂಡ ಇದನ್ನೇ ಮಾಡ್ತು. ಇದಕ್ಕೆ ‘ಮರುಖರೀದಿ’ ಅಂತಾರೆ, ಆದ್ರೆ ಸರ್ಕಾರ ಅದನ್ನ ಮಾರೇ ಇರ್ಲಿಲ್ವಲ್ಲ, ಜನಕ್ಕೆ ಕೊಡಲ್ಲ ಅನ್ನೋ ಆಯ್ಕೆನೂ ಇರ್ಲಿಲ್ಲ. ‘ಜಪ್ತಿ’ ಅಂದ್ರೆ ತಪ್ಪು ಮಾಡಿದೋರ ಹತ್ರ ಕಿತ್ಕೊಂಡಂಗೆ. ‘ಠೇವಣಿ’ ಅಂತ ಹೊಳೀತು, ಸುಳ್ಯದಲ್ಲಿ ನಮ್ಮ ಸೋದರಮಾವ ಪ್ರತಿ ಎಲೆಕ್ಷನ್‌ಗೂ ಬೆಳೆ ರಕ್ಷಣೆ ಕೋವಿನ ಠಾಣೆಗೆ ಕೊಟ್ಟು ರಸೀದಿನ ಕ್ಯಾಲೆಂಡರ್ ಹಿಂದೆ ಸಿಕ್ಕಿಸ್ತಾರೆ, ಆಮೇಲೆ ಮಂಗಗಳು ಎಳೇ ತೆಂಗಿನಕಾಯಿ ಉದುರಿಸೋದನ್ನ ಜಗಲಿ ಮೇಲಿಂದ ನೋಡ್ತಾ ಕೂರ್ತಾರೆ. ಆದ್ರೆ ಠೇವಣಿ ಇಟ್ಟಿದ್ದು ವಾಪಸ್ ಬರುತ್ತೆ.

ನಂಗೀಗ ‘ಸ್ವಾಧೀನ’ ಸರಿ ಅನ್ನಿಸ್ತಿದೆ. ರಿಂಗ್ ರೋಡಿಗೆ ಜಮೀನು ಬಿಟ್ಟುಕೊಟ್ಟ ಬೆಂಗಳೂರಿನ ಸುತ್ತಮುತ್ತಲ ಯಾರನ್ನ ಕೇಳಿದ್ರೂ ಆ ಪದದ ಅರ್ಥ ಗೊತ್ತು, ಕಡ್ಡಾಯ, ಆದ್ರೆ ಪರಿಹಾರ ಉಂಟು, ನಿನ್ನದೇನೂ ತಪ್ಪಿಲ್ಲ. ‘ಬಂದೂಕು ಸ್ವಾಧೀನ’ ಅಂತ ಓದಿದ ತಕ್ಷಣ ನಿಮಗೂ ಹಾಗೇ ಅರ್ಥ ಆಗುತ್ತಾ, ಇಲ್ಲ ಪೊಲೀಸ್ರು ವಶಪಡಿಸ್ಕೊಂಡ್ರು ಅಂತ ಕೇಳ್ಸುತ್ತಾ? ಕೊಡಗು, ದಕ್ಷಿಣ ಕನ್ನಡದ ಕಡೆಯವ್ರು ದಯವಿಟ್ಟು ಹೇಳಿ.