ಕಾಲೇಜ್ ನೆಟ್‌ವರ್ಕ್‌ಗೆ ಟ್ರೀ ಟೊಪಾಲಜಿ ಸರಿ ಹೋಗುತ್ತಾ? ಮೇನ್ ಸ್ವಿಚ್ ಹೋದ್ರೆ ಎಲ್ಲಾ ಹೋಗುತ್ತಲ್ವಾ?

ಲ್ಯಾಬ್_ಅಸಿಸ್ಟೆಂಟ್_ತುಮಕೂರು:
ನಮಸ್ಕಾರ ಎಲ್ರಿಗೂ. ನಮ್ಮ ಕಾಲೇಜಲ್ಲಿ ಹೊಸದಾಗಿ ನೆಟ್‌ವರ್ಕ್ ಎಳಿಸ್ತಿದಾರೆ. ಆಫೀಸ್ ಬ್ಲಾಕು, ಪಕ್ಕದಲ್ಲಿ ಲ್ಯಾಬು (40 ಸಿಸ್ಟಮ್), ಗ್ರೌಂಡ್ ದಾಟಿದ್ರೆ ಲೈಬ್ರರಿ, ಆಫೀಸಿಂದ ಅದು 180 ಮೀಟರ್ ಹತ್ರ ಆಗುತ್ತೆ. ಕೊಟೇಶನ್ ಕೊಟ್ಟವ್ರು ಆಫೀಸಲ್ಲಿ ಒಂದು ಮೇನ್ ಸ್ವಿಚ್ (ಕರೆಂಟಿಂದಲ್ಲ, ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರೋ ಡಬ್ಬಾ), ಅಲ್ಲಿಂದ ಬ್ಲಾಕ್‌ಗೊಂದು, ಅದರ ಕೆಳಗೆ ರೂಮ್‌ಗೊಂದು ಸಣ್ಣ ಸ್ವಿಚ್ ಅಂತ ಡ್ರಾಯಿಂಗ್ ಕೊಟ್ಟಿದಾರೆ, ಪಕ್ಕಾ ಟ್ರೀ. ಡಿಪ್ಲೊಮಾದಲ್ಲಿ ನಾನು ಬಾಯಿಪಾಠ ಮಾಡಿದ್ದು ಏನಂದ್ರೆ ದೊಡ್ಡದು ಮಾಡೋದು ಸುಲಭ, ಫಾಲ್ಟ್ ಹುಡುಕೋದು ಸುಲಭ, ಆದ್ರೆ ಬ್ಯಾಕ್‌ಬೋನ್ (ನಡುವಿನ ಮುಖ್ಯ ಕೇಬಲ್) ಕಟ್ ಆದ್ರೆ ಇಡೀ ನೆಟ್‌ವರ್ಕ್ ಢಮಾರ್. ಪ್ರಿನ್ಸಿಪಾಲ್‌ಗೆ ಇದನ್ನೇ ಹೇಳಿದ್ರೆ ಮತ್ಯಾಕಪ್ಪಾ ಹಾಕಿಸ್ತೀಯ ಅಂತಾರೆ. ಫೀಲ್ಡಲ್ಲಿರೋರು ಹೇಳಿ, ಒಪ್ಕೊಳ್ಳೋದಾ ಬೇಡ್ವಾ?

ಫೈಬರ್_ಹುಬ್ಳಿ:
ನಿಮ್ಮ ಜಾಗಕ್ಕ ಟ್ರೀ ಬಿಟ್ರ ಬ್ಯಾರೆ ದಾರಿ ಇಲ್ರೀ. ಬಿಲ್ಡಿಂಗ್ ಹೆಂಗ ಅದಾವೋ ಕೇಬಲ್ಲೂ ಹಂಗ ಹೋಗೂದು. ಕ್ಯಾಟ್ ಸಿಕ್ಸ್ ಹಾಕಿದ್ರೂ ಕಾಪರ್ 100 ಮೀಟರ್‌ಕ್ಕ ಮುಗೀತು, ಹಂಗಾಗಿ ಎಲ್ಲಾ ಸಿಸ್ಟಮ್ಮಿಂದ ಸೀದಾ ಆಫೀಸಿಗೆ ಎಳೆದು ಸ್ಟಾರ್ ಮಾಡ್ತೀನಂದ್ರ ಲೈಬ್ರರಿ ಮುಟ್ಟೂದ ಇಲ್ಲ. ಗ್ರೌಂಡಿನ್ಯಾಗ ಸಿಂಗಲ್ ಮೋಡ್ ಫೈಬರ್ ಹಾಕ್ಸ್ರಿ. ರೊಕ್ಕ ಉಳಿಸೂಣು, ನಡುವ ಒಂದು ಸ್ವಿಚ್ ಇಟ್ಟು ಕಾಪರ್ ಎಳೀತೀನಿ ಅಂತ ಯಾರರೆ ಬಂದ್ರ ಬ್ಯಾಡ ಅನ್ರಿ. ಮಳಿಗಾಲದಾಗ ಸಿಡಿಲು ಹತ್ರ ಬಡೀತಂದ್ರ ಆ ತಾಮ್ರದ ವೈರ್ ಹಿಡದು ಎರಡೂ ಕಡೆ ಪೋರ್ಟ್ ಸುಟ್ಟು ಹೋಗ್ತಾವು. ಫೈಬರ್ ಗಾಜು, ಅದರಾಗ ಕರೆಂಟ್ ಹರಿಯಂಗಿಲ್ಲ. ಆರ್ಮರ್ಡ್ ಹಾಕಿದ್ರ ಮ್ಯಾಲಿನ ಲೋಹದ ಕವಚಕ್ಕ ಅರ್ಥಿಂಗ್ ಮಾತ್ರ ಮರೀಬ್ಯಾಡ್ರಿ.

ಇನ್ನ ನೀವು ಓದಿದ ಬ್ಯಾಕ್‌ಬೋನ್ ಕಥಿ, ಅದು ದಪ್ಪ ಕೋಆಕ್ಸ್ ಕೇಬಲ್ ಕಾಲದ್ದು. ಈಗ ಜೆಸಿಬಿ ಬಂದು ಲೈಬ್ರರಿ ಫೈಬರ್ ಕಡದ್ರ ಲೈಬ್ರರಿ ಒಂದ ಬಂದ್, ಲ್ಯಾಬು ಆಫೀಸು ನಡೀತಿರ್ತಾವು. ಲೈಬ್ರರಿ ಒಳಗಿನ ಸಿಸ್ಟಮ್ಮು ಸೈತ ಒಂದಕ್ಕೊಂದು ಮಾತಾಡ್ತಾವು, ಆದ್ರ ಐಪಿ (ನೆಟ್‌ವರ್ಕ್ ವಿಳಾಸ) ಕೊಡೂ ಡಿಎಚ್‌ಸಿಪಿ ಆಫೀಸಿನ್ಯಾಗ ಇತ್ತಂದ್ರ ಹೊಸದಾಗಿ ಆನ್ ಮಾಡಿದ ವಿಂಡೋಸ್ ಸಿಸ್ಟಮ್ಮಿಗೆ 169.254 ಅಂತ ಶುರುವಾಗೂ ಐಪಿ ಬರ್ತೈತಿ. ಅದು ಕಂಡ್ರ ಕಂಪ್ಯೂಟರ್ ಬಿಚ್ಚಾಕ ಹೋಗಬ್ಯಾಡ್ರಿ, ಮೊದಲ ಮ್ಯಾಲಿನ ಲಿಂಕ್ ನೋಡ್ರಿ.

ಸುಮ್ನೆ_ಒಬ್ಬ:
ಮೆಶ್ ಹಾಕ್ಸಿ ಬಿಡಿ ಸರ್, ಯಾವ ತಲೆನೋವೂ ಇರಲ್ಲ

ಪ್ಯಾಕೆಟ್_ಪುರಾಣ:
ಮೇಲಿನವ್ರಿಗೆ: ಫುಲ್ ಮೆಶ್ ಅಂದ್ರೆ ಪ್ರತಿ ಸ್ವಿಚ್ಚಿಂದ ಉಳಿದ ಎಲ್ಲದಕ್ಕೂ ಕೇಬಲ್, 6 ಸ್ವಿಚ್ ಇದ್ರೆ 15 ಲಿಂಕ್ ಬೇಕು, ಕಾಲೇಜ್ ದುಡ್ಡೆಲ್ಲಾ ಕೇಬಲ್‌ಗೇ ಹೋಗುತ್ತೆ. ಅಷ್ಟು ಎಳೆದ್ರೂ ಸ್ವಿಚ್‌ಗಳು ಸ್ಪ್ಯಾನಿಂಗ್ ಟ್ರೀ ಅನ್ನೋ ಪ್ರೊಟೊಕಾಲ್ ಓಡಿಸಿ ಹೆಚ್ಚಿನ ಲಿಂಕ್‌ಗಳನ್ನೆಲ್ಲ ಬ್ಲಾಕ್ ಮಾಡಿ ಕೊನೆಗೆ ಒಂದು ಟ್ರೀನೇ ಮಾಡ್ಕೊಳ್ಳೋದು. 1985ರಲ್ಲಿ ರೇಡಿಯಾ ಪರ್ಲ್‌ಮನ್ ಇದನ್ನ ಮಾಡಿದ್ದೇ ಅದಕ್ಕೆ, ಈಥರ್ನೆಟ್‌ಗೆ ಲೂಪ್ (ಸುತ್ತಿ ಮತ್ತೆ ಅಲ್ಲಿಗೇ ಬರೋ ದಾರಿ) ಅಂದ್ರೆ ಆಗಲ್ಲ.

ತುಮಕೂರಿನ ಸರ್, ಮೇನ್ ಸ್ವಿಚ್ ಸತ್ರೆ ಐದು ನಿಮಿಷಕ್ಕೆ ಇಡೀ ಕಾಲೇಜ್ ಬಂದು ನಿಮ್ಮ ಹತ್ರ ಹೇಳುತ್ತೆ, ಎಲ್ಲಿ ನೋಡ್ಬೇಕು ಅಂತ ಯೋಚನೆ ಮಾಡೋದೇ ಬೇಡ. ನಂಗೆ ಭಯ ಇರೋದು ಆ ಡ್ರಾಯಿಂಗಲ್ಲಿರೋ ಮೂರನೇ ಲೆವೆಲ್, ರೂಮ್‌ಗೊಂದು ಸಣ್ಣ ಸ್ವಿಚ್ ಅಂತಿದೆಯಲ್ಲ ಅದು. ಅವು ಅನ್‌ಮ್ಯಾನೇಜ್ಡ್ (ಯಾವ ಸೆಟ್ಟಿಂಗೂ ಮಾಡೋಕಾಗದ) ಸ್ವಿಚ್ ಆಗಿರುತ್ತೆ, ಯಾರೋ ಕೇಬಲ್ ನೇತಾಡ್ತಿದೆ ಅಂತ ಎರಡೂ ತುದಿ ಅದೇ ಸ್ವಿಚ್‌ಗೆ ಚುಚ್ಚಿ ಹೋಗ್ತಾರೆ, ಬ್ರಾಡ್‌ಕಾಸ್ಟ್ (ಎಲ್ಲಾ ಸಿಸ್ಟಮ್‌ಗೂ ಹೋಗೋ ಸಂದೇಶ) ಸುತ್ತೋಕೆ ಶುರುವಾಗಿ ಕೆಳಗಿನ ಒಂದು ರೂಮಿಂದ ಇಡೀ ಟ್ರೀ ಮಲಗುತ್ತೆ, ನೀವು ಮಾತ್ರ ಮೇಲಿಂದ ಹುಡುಕ್ತಾ ಕೂತಿರ್ತೀರ. ಸಾಧ್ಯ ಆದಷ್ಟು ಎರಡೇ ಲೆವೆಲ್‌ಗೆ ನಿಲ್ಲಿಸಿ, ಲ್ಯಾಬ್‌ಗೆ ಒಂದು 48 ಪೋರ್ಟ್ ಮ್ಯಾನೇಜ್ಡ್ ಸ್ವಿಚ್ ಸಾಕು, ಲೂಪ್ ಪ್ರೊಟೆಕ್ಷನ್ ಆನ್ ಮಾಡಿಸಿ. ಇನ್ನೊಂದು, ಸ್ಪ್ಯಾನಿಂಗ್ ಟ್ರೀಲಿ ಎಲ್ಲಾ ಸ್ವಿಚ್‌ದೂ ಪ್ರಯಾರಿಟಿ 32768 ಅಂತಾನೇ ಬಂದಿರುತ್ತೆ, ಹಾಗೇ ಬಿಟ್ರೆ ಕಮ್ಮಿ ಮ್ಯಾಕ್ ಅಡ್ರೆಸ್ (ಸ್ವಿಚ್‌ಗೆ ಕಂಪನಿ ಕೊಟ್ಟ ನಂಬರ್) ಇರೋದು ರೂಟ್, ಅಂದ್ರೆ ಟ್ರೀಯ ಬುಡ ಆಗುತ್ತೆ, ಅದು ಮೂಲೇಲಿರೋ ಹಳೇ ಡಬ್ಬಾನೂ ಆಗ್ಬಹುದು. ಆಫೀಸ್ ಸ್ವಿಚ್‌ಗೆ 4096 ಕೊಡಿ ಅಂತ ಇನ್‌ಸ್ಟಾಲ್ ಮಾಡೋರಿಗೆ ಹೇಳಿ, ಮುಖ ನೋಡಿದ್ರೆ ಗೊತ್ತಾಗುತ್ತೆ ಅವ್ರಿಗೆ ಕೆಲಸ ಬರುತ್ತೋ ಇಲ್ವೋ ಅಂತ.

ಅಪ್‌ಲಿಂಕ್ (ಬ್ಲಾಕ್ ಸ್ವಿಚ್ಚಿಂದ ಮೇನ್ ಸ್ವಿಚ್‌ಗೆ ಹೋಗೋ ಕೇಬಲ್) ಸ್ಪೀಡ್ ಬಗ್ಗೆ ಹೆದರಿಸ್ತಾರೆ. 40 ಸಿಸ್ಟಮ್ ಒಂದು ಗಿಗಾಬಿಟ್ ಹಂಚ್ಕೊಂಡ್ರೆ ತಲೆಗೆ 25 ಎಂಬಿಪಿಎಸ್, ನಿಮ್ಮ ಇಂಟರ್ನೆಟ್ಟೇ 200 ಎಂಬಿಪಿಎಸ್ ಆಗಿದ್ರೆ ಅದರಿಂದ ಏನೂ ನಷ್ಟ ಇಲ್ಲ. ಫೈಲ್ ಸರ್ವರ್ ಆಫೀಸಲ್ಲಿದ್ದು ಲ್ಯಾಬ್ ಹುಡುಗ್ರೆಲ್ಲ ಒಟ್ಟಿಗೆ ಎಳೆದ್ರೆ ಮಾತ್ರ ಉಸಿರು ಕಟ್ಟೋದು, ಸರ್ವರ್ ಲ್ಯಾಬ್ ಸ್ವಿಚ್‌ಗೇ ಹಾಕಿ, ಸರಿ ಹೋಗುತ್ತೆ.

ಓಎಲ್‌ಟಿ_ಅಣ್ಣ:
ಮನೆಗೆ ಬರೋ ಫೈಬರ್ ಇಂಟರ್ನೆಟ್ಟೂ ಟ್ರೀನೇ ಗುರು. ಓಎಲ್‌ಟಿಯ (ಕಂಪನಿ ಕಡೆ ಇರೋ ಫೈಬರ್ ಡಬ್ಬಾ) ಒಂದು ಪೋರ್ಟಿಂದ ಹೊರಟ ಒಂದೇ ಎಳೆಯನ್ನ ಸ್ಪ್ಲಿಟರ್‌ಗಳು 32 ಅಥವಾ 64 ಮನೆಗೆ ಹಂಚ್ತವೆ, ದಾರೀಲಿ ಕರೆಂಟೇ ಬೇಡ, ಜಿಪಾನ್ ಅನ್ನೋ ಈ ಟೆಕ್ನಾಲಜಿ ಅಗ್ಗ ಆಗಿದ್ದೇ ಹಾಗೆ. ಕೆಳಗೆ ಬರೋದು ಸುಮಾರು 2.5 ಜಿಬಿಪಿಎಸ್, ಮೇಲೆ ಹೋಗೋದು 1.25, ಅದರಲ್ಲೇ ಎಲ್ರೂ ಪಾಲು. ಆದ್ರೆ ಮೇನ್ ಎಳೆ ಕಟ್ ಆದ್ರೆ ಬೀದಿಗೆ ಬೀದಿನೇ ಕತ್ತಲೆ. ಪಂಚಾಯ್ತಿಗಳಿಗೆ ಫೈಬರ್ ಎಳೆಯೋ ಸರ್ಕಾರದ ಯೋಜನೆ ಭಾರತ್‌ನೆಟ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕ ಹೊಸ ಪ್ಲಾನಲ್ಲಿ ಬ್ಲಾಕಿಂದ (ತಾಲೂಕು ಮಟ್ಟ) ಪಂಚಾಯ್ತಿಗೆ ರಿಂಗ್ (ಉಂಗುರದ ಥರ ಸುತ್ತಿ ಬರೋ ಲೈನ್) ಅಂತ ಬದಲಾಯಿಸಿದ್ದು ಸುಮ್ನೆ ಅಲ್ಲ, ಒಂದ್ಕಡೆ ಕಟ್ ಆದ್ರೆ ಇನ್ನೊಂದ್ಕಡೆಯಿಂದ ಬರುತ್ತೆ.

ಲ್ಯಾಬ್_ಅಸಿಸ್ಟೆಂಟ್_ತುಮಕೂರು:
ತುಂಬಾ ಥ್ಯಾಂಕ್ಸ್ ಸರ್ ಎಲ್ರಿಗೂ. ಹಾಗಾದ್ರೆ ಲೈಬ್ರರಿಗೆ ಎರಡು ಫೈಬರ್ ಎಳೆಸಿ ಬಿಡ್ಲಾ? ಮೇನ್ ಸ್ವಿಚ್ಚೂ ಎರಡು ಬೇಕಾ?

ಫೈಬರ್_ಹುಬ್ಳಿ:
ಒಂದ ಗುಂಡ್ಯಾಗ ಎರಡು ಕೇಬಲ್ ಹಾಕಿದ್ರ ಜೆಸಿಬಿಗೆ ಎರಡೂ ಒಮ್ಮೆಲೇ ಸಿಗ್ತಾವ್ರೀ. ಬ್ಯಾರೆ ದಾರಿ ಇದ್ರ ಎಳಸ್ರಿ, ಇಲ್ಲಂದ್ರ ಇರೂ ಕೇಬಲ್‌ನ್ಯಾಗ ಎರಡು ಕೋರ್ ಜಾಸ್ತಿ ಇರೂದು ತಗೋರಿ, ಒಂದು ಎಳಿ ಕೆಟ್ರ ಇನ್ನೊಂದಕ್ಕ ಬದಲಿ ಮಾಡ್ಲಿಕ್ಕೆ. ಲೈಬ್ರರಿ ಅರ್ಧಾ ದಿವಸ ನೆಟ್ ಇಲ್ದ ಇದ್ರ ಜೀವಾ ಏನ್ ಹೋಗಂಗಿಲ್ಲ. ಮೇನ್ ಸ್ವಿಚ್ ಎರಡು ಬ್ಯಾಡ, ಆ ರೊಕ್ಕದಾಗ ಮೂರೂ ಬ್ಲಾಕಿನ ಸ್ವಿಚ್‌ಗೆ ಯುಪಿಎಸ್ ಕೊಡಸ್ರಿ. ಮತ್ತ ಮೇನ್ ಸ್ವಿಚ್ಚಿನ ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಒಂದು ಪೆನ್‌ಡ್ರೈವ್‌ನ್ಯಾಗ ತಗದು ಇಟ್ಕೋರಿ, ನಾಳೆ ಬದಲಿ ಸ್ವಿಚ್ ತಂದ ದಿವಸ ಅದಿಲ್ಲಂದ್ರ ಎಲ್ಲಾ ಮೊದಲಿಂದ ಮಾಡಬೇಕಾಗ್ತೈತಿ.