ಎಡಿಸನ್ ಬಿಟ್ಟು ಹಂಟರ್ಡನ್ ಕಡೆ ಮನೆ ತಗೋಬಹುದಾ? ಮಗಳಿಗೆ 7 ವರ್ಷ

ಶಿರಸಿ ಅಮ್ಮ, ಎಡಿಸನ್

ಎಲ್ಲರಿಗೂ ನಮಸ್ಕಾರ. ಈ ಪ್ರಶ್ನೆ ಮೊದಲೂ ಬಂದಿರಬಹುದು, ಹಳಬರು ಬೈಯಬೇಡಿ. ಐದು ವರ್ಷದಿಂದ ನ್ಯೂಜರ್ಸಿಯ ಎಡಿಸನ್‌ನಲ್ಲಿ ಬಾಡಿಗೆಗೆ ಇದ್ದೇವೆ. ಈಗ ಸ್ವಂತ ಮನೆ ನೋಡುತ್ತಿದ್ದೇವೆ. ನಮ್ಮ ದುಡ್ಡಿಗೆ ಸೌತ್ ಬ್ರನ್ಸ್‌ವಿಕ್ ಕಡೆ ಒಂದು ಟೌನ್‌ಹೌಸ್ ಸಿಗುತ್ತೆ. ಅದೇ ದುಡ್ಡಿಗೆ ಹಂಟರ್ಡನ್ ಕೌಂಟಿಯಲ್ಲಿ ಹಿತ್ತಲು, ಮರ ಎಲ್ಲ ಇರುವ ಒಂಟಿ ಮನೆ ಸಿಗುತ್ತೆ. ಯಜಮಾನರ ಆಫೀಸಿಗೂ ಅದೇ ಹತ್ತಿರ.

ಕಳೆದ ಶನಿವಾರ ಆ ಮನೆ ನೋಡಲು ಹೋಗಿದ್ದೆವು. ಪಕ್ಕದ ಮನೆಯ ಅಜ್ಜಿ ಬೇಲಿ ಹತ್ತಿರ ಬಂದು ಒಂದು ಚೀಲ ಟೊಮೆಟೊ ಕೊಟ್ಟರು. ತುಂಬಾ ಒಳ್ಳೆಯವರು. ನೀವು ಯಾವ ಚರ್ಚಿಗೆ ಹೋಗೋದು ಅಂತಲೂ ಕೇಳಿದರು. ವಾಪಸ್ ಬರುವಾಗ ಮಗಳು ಹಿಂದಿನ ಸೀಟಿನಿಂದ, "ಅಮ್ಮ, ಅಲ್ಲಿ ಎಲ್ಲರೂ ಬಿಳಿಯವರೇನಾ?" ಅಂದಳು. ಇಲ್ಲಿ ಅವಳ ತರಗತಿಯಲ್ಲಿ ಮುಕ್ಕಾಲು ಮಕ್ಕಳು ನಮ್ಮ ದೇಶದವರೇ. ಬಣ್ಣದ ಮಾತು ಅವಳ ಬಾಯಲ್ಲಿ ಬಂದಿದ್ದು ಇದೇ ಮೊದಲು.

ಭಾರತೀಯರ ಮನೆ ಎಷ್ಟಿವೆ ಅಂತ ಏಜೆಂಟನ್ನು ಕೇಳಿದೆ. ಅದನ್ನು ನಾನು ಹೇಳುವ ಹಾಗಿಲ್ಲ, ಕಾನೂನು ಅಂದವರೇ ಅಡುಗೆಮನೆಯ ಗ್ರಾನೈಟ್ ಕಟ್ಟೆ ತೋರಿಸಲು ಶುರು ಮಾಡಿದರು. ಅಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ. ಮಗುವಿಗೆ ಒಂಟಿ ಅನ್ನಿಸುತ್ತಾ?

ಹಾಸನ–ಪ್ಲೇನ್ಸ್‌ಬರೊ

ಅಕ್ಕ, ಯೋಚನೆಯೇ ಬೇಡ. ಪ್ಲೇನ್ಸ್‌ಬರೊಗೆ ಬನ್ನಿ. 2010ರಲ್ಲೇ ಶೇ. 46 ಏಷ್ಯನ್ನರು. ಶಾಲೆ ಚೆನ್ನಾಗಿದೆ, ಕೊತ್ತಂಬರಿ ಸೊಪ್ಪಿಗೆ ಅರ್ಧ ಗಂಟೆ ಡ್ರೈವ್ ಮಾಡೋದು ಬೇಡ. ನಾವು 12 ವರ್ಷದಿಂದ ಇದ್ದೇವೆ.

ಧಾರವಾಡದ ಅಕ್ಕ

ತಂಗಿ, ನಾ ಆ ಕಡೆನೇ ಇರೋದು. 1999ರಿಂದ. ಇಡೀ ಎಲಿಮೆಂಟರಿ ಶಾಲೆಗೆ ನನ್ನ ಮಗ ಒಬ್ಬ, ಇನ್ನೊಂದು ಕೊರಿಯನ್ ಹುಡುಗಿ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಆಗಸ್ಟಿನಾಗ 4-ಎಚ್ ಅನ್ನೋ ಮಕ್ಕಳ ಸಂಘದ ಜಾತ್ರೆಗೆ ಅಂವ ಮೊಲ ಸಾಕಿ ಒಯ್ತಿದ್ದ, ಒಂದ ಸಲ ರಿಬ್ಬನ್ನೂ ಬಂತು. ಅಂಥ ಬಾಲ್ಯ ಎಡಿಸನ್ನಿನಾಗ ಸಿಗೂದಿಲ್ರಿ.

ಆದರೆ ಹೋದ ವರ್ಷ ನಮ್ಮವ್ವ ತೀರಿಕೊಂಡಾಗ ವಿಡಿಯೊ ಕಾಲ್ ಮುಂದ ನಿಂತು, ನನ್ನ ಅಣ್ಣನ ಮುಖ ನೋಡಿಕೋತ ಏನು ಹೇಳಬೇಕು ತಿಳೀಲಿಲ್ಲ ಮಗಗ. ಕನ್ನಡದಾಗ ಬರೋದು ಎರಡೇ ಮಾತು, "ಆರಾಮ ಇದೀನಿ" ಮತ್ತು "ಊಟ ಆತು". "ಊಟ ಆತು" ಅಂದುಬಿಟ್ಟ. ಯಾರೂ ನಗಲಿಲ್ಲ. ನಾ ಬಚ್ಚಲಮನಿಗೆ ಹೋಗಿ ಅತ್ತೆ.

ಇದು ಊರಿನ ತಪ್ಪಲ್ಲ, ನಂದು. ಸುಮ್ನ ಹೇಳಿದೆ.

ಹಳೇ ಜರ್ಸಿ ಮಾವ

ನಾನು 1984ರಲ್ಲಿ ಜರ್ಸಿ ಸಿಟಿಗೆ ಬಂದವನು. ನಿಮಗೆಲ್ಲ ಆ ಕಾಲ ಗೊತ್ತಿಲ್ಲ. 1987ರಲ್ಲಿ ಡಾಟ್‌ಬಸ್ಟರ್ಸ್ ಅಂತ ಹೆಸರಿಟ್ಟುಕೊಂಡವರು ಅಲ್ಲಿಯ ಪೇಪರಿಗೆ ಪತ್ರ ಬರೆದರು. ಭಾರತೀಯರನ್ನು ಊರು ಬಿಡಿಸುತ್ತೇವೆ ಅಂತ. ಡಾಟ್ ಅಂದರೆ ನಮ್ಮ ಹೆಂಗಸರ ಕುಂಕುಮ. ಅದೇ ಸೆಪ್ಟೆಂಬರಿನಲ್ಲಿ ಪಕ್ಕದ ಹೊಬೊಕನ್‌ನಲ್ಲಿ ಒಬ್ಬ ಭಾರತೀಯ ಯುವಕನನ್ನು ಬಡಿದು ಹಾಕಿದರು, ಉಳಿಯಲಿಲ್ಲ.

ನನ್ನ ಹೆಂಡತಿ ಬೆಳಿಗ್ಗೆ ದೇವರ ಮುಂದೆ ಕುಂಕುಮ ಇಟ್ಟುಕೊಳ್ಳುವಳು. ಪಾತ್ ರೈಲಿನ ಮೆಟ್ಟಿಲು ಇಳಿಯುವ ಮೊದಲು ಕರ್ಚೀಫಿನಲ್ಲಿ ಒರೆಸುವಳು. ಆಫೀಸಿನ ಬಾತ್‌ರೂಮಿನಲ್ಲಿ ಮತ್ತೆ ಇಟ್ಟುಕೊಳ್ಳುವಳು. ಆ ಕರ್ಚೀಫ್ ಎಷ್ಟು ಒಗೆದರೂ ಕೆಂಪು ಹೋಗುತ್ತಿರಲಿಲ್ಲ. ನಮ್ಮವರ ಅಂಗಡಿಗಳಿರುವ ಎಡಿಸನ್ನಿನ ಓಕ್ ಟ್ರೀ ರೋಡಿಗೆ ಹತ್ತಿರ ಮನೆ ಮಾಡಿದ ಮೇಲೆ ಒರೆಸುವುದನ್ನು ನಿಲ್ಲಿಸಿದಳು. ಜನ ಇದ್ದರೆ ಧೈರ್ಯ ಅಮ್ಮ. ಟೊಮೆಟೊ ಯಾರು ಬೇಕಾದರೂ ಕೊಡುತ್ತಾರೆ.

ತುಮಕೂರು ಲೆಕ್ಕಿಗ

ಸ್ವಲ್ಪ ಲೆಕ್ಕ ನೋಡೋಣ. 2020ರ ಜನಗಣತಿಯಲ್ಲಿ ನ್ಯೂಜರ್ಸಿಯ ಜನ 92 ಲಕ್ಷ 88 ಸಾವಿರ. ಏಷ್ಯನ್ನರು ಹೆಚ್ಚುಕಡಿಮೆ ಶೇ. 10, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದವರು) ಶೇ. 21ರ ಮೇಲೆ, ಕಪ್ಪು ಜನ ಶೇ. 12–13, ಉಳಿದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿಳಿಯರು. ಆದರೆ ಹೀಗಿರುವ ಊರು ಹುಡುಕಿದರೆ ಸಿಗೋದು ಕಷ್ಟ. ಪಾಲಿಸೇಡ್ಸ್ ಪಾರ್ಕಿನಲ್ಲಿ 2010ರಲ್ಲೇ ಅರ್ಧಕ್ಕಿಂತ ಹೆಚ್ಚು ಕೊರಿಯನ್ನರು. ಅಲ್ಲಿಂದ ನಾಲ್ಕಾರು ಮೈಲಿಯ ಯೂನಿಯನ್ ಸಿಟಿಯಲ್ಲಿ ಐದರಲ್ಲಿ ನಾಲ್ಕು ಜನ ಹಿಸ್ಪಾನಿಕ್. ಲೇಕ್‌ವುಡ್ ಪೂರ್ತಿ ಸಾಂಪ್ರದಾಯಿಕ ಯಹೂದಿಗಳದ್ದು ಅನ್ನೋ ಹಾಗಿದೆ, ಹತ್ತು ವರ್ಷದಲ್ಲಿ 92 ಸಾವಿರದಿಂದ 1 ಲಕ್ಷ 35 ಸಾವಿರಕ್ಕೆ ಬೆಳೆಯಿತು. ಈಸ್ಟ್ ಆರೆಂಜ್ ಕಪ್ಪು ಜನರ ಊರು. ಎಡಿಸನ್‌ನಲ್ಲಿ ಏಷ್ಯನ್ನರು 2000ದಲ್ಲಿ ಶೇ. 29 ಇದ್ದವರು 2010ಕ್ಕೆ ಶೇ. 43 ಆದರು. ಹಂಟರ್ಡನ್‌ನಲ್ಲಿ ಸುಮಾರು ಐದರಲ್ಲಿ ನಾಲ್ಕು ಜನ ಬಿಳಿಯರು.

ಇಷ್ಟು ಚಿಕ್ಕ ರಾಜ್ಯದಲ್ಲಿ 564 ಊರಾಡಳಿತ. ಮಗು ತನ್ನ ಊರಿನ ಶಾಲೆಗೇ ಹೋಗಬೇಕು, ಶಾಲೆ ನಡೆಯೋದು ಬಹುಪಾಲು ಆ ಊರಿನ ಮನೆ ತೆರಿಗೆಯಿಂದ. ಹಾಗಾಗಿ ಊರಿನ ಗಡಿಯೇ ತರಗತಿಯ ಗೋಡೆ.

ನಿಮ್ಮ ಪ್ರಶ್ನೆಗೆ ಬರ್ತೀನಿ. ಕೌಂಟಿ ಲೆಕ್ಕ ಬಿಡಿ, ಅದರಲ್ಲಿ ಅಜ್ಜ ಅಜ್ಜಿಯರೆಲ್ಲ ಸೇರಿರ್ತಾರೆ. ರಾಜ್ಯದ ಶಿಕ್ಷಣ ಇಲಾಖೆ ಪ್ರತಿ ವರ್ಷ ಶಾಲೆವಾರು ಮಕ್ಕಳ ಲೆಕ್ಕ ಹಾಕುತ್ತೆ, ಯಾವ ಜನಾಂಗದವರು ಎಷ್ಟು ಅಂತ. ಆ ಶಾಲೆಯ ಐದು ವರ್ಷದ್ದು ತೆಗೆದು ನೋಡಿ. ಏರುತ್ತಾ ಇದ್ದರೆ ನೀವು ಮೊದಲಿಗರಲ್ಲ. ಆಮೇಲೆ ಒಂದು ವಾರದ ದಿನ ಶಾಲೆ ಬಿಡುವ ಹೊತ್ತಿಗೆ ಆ ಬೀದಿಯ ಬಸ್ ನಿಲ್ಲುವಲ್ಲಿ ಹೋಗಿ ನಿಂತುಕೊಳ್ಳಿ. ಶನಿವಾರ ಅಲ್ಲಿನ ಲೈಬ್ರರಿಯಲ್ಲಿ ಮಗಳನ್ನು ಎರಡು ಗಂಟೆ ಬಿಡಿ. ಏಜೆಂಟ್ ಬಾಯಿ ಬಿಡದಿದ್ದಕ್ಕೆ ಬೇಜಾರು ಬೇಡ. 1968ರ ವಸತಿ ಕಾನೂನಿನ ಪ್ರಕಾರ ಜನಾಂಗ ನೋಡಿ ಗಿರಾಕಿಯನ್ನು ಈ ಊರು ಆ ಊರು ಅಂತ ತಿರುಗಿಸುವ ಹಾಗಿಲ್ಲ.

ಇನ್ನೊಂದು ತಮಾಷೆ. 1970ರ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಜೊತೆ ಎಣಿಸಿದ್ದರು. ಏಷ್ಯನ್ ಇಂಡಿಯನ್ ಅನ್ನೋ ಚೌಕ ಬಂದಿದ್ದು 1980ರಲ್ಲಿ. ಈಗಲೂ ಜನಗಣತಿ ಇಲಾಖೆಯ ಮನೆಭಾಷೆಯ ಪಟ್ಟಿಯಲ್ಲಿ ತೆಲುಗಿಗೆ ಒಂದು ಸಾಲು, ತಮಿಳಿಗೆ ಒಂದು ಸಾಲು. ಕನ್ನಡ ಇರೋದು "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆ" ಅನ್ನೋ ಒಂದೇ ಸಾಲಿನಲ್ಲಿ.

ಮಂಡ್ಯ ಗೌಡ

ಏನು? ಮಲಯಾಳಂ ಜೊತೆನಾ?? ಇದನ್ನು ಯಾಕೆ ಯಾರೂ ಇಷ್ಟು ದಿನ ಹೇಳಲಿಲ್ಲ?

ಇದಕ್ಕೆ ನಾವೇ ಕಾರಣ. ಕೇಳಿದರೆ ಹಿಂದಿ ಅಂತ ಬರೆಸ್ತೀವಿ. ನಮ್ಮ ಬೀದಿಯ ಬಸ್ ನಿಲ್ಲುವಲ್ಲಿ ಒಬ್ಬರ ಜೊತೆ ಎಂಟು ತಿಂಗಳು ಹಿಂದಿಯಲ್ಲಿ ಮಾತಾಡಿದೆ. ಹವಾಮಾನ, ಕ್ರಿಕೆಟ್, ಎಲ್ಲ. ರಾಜ್ಯೋತ್ಸವಕ್ಕೆ ಹೋದರೆ ಪಂಚೆ ಉಟ್ಟು ಪುಳಿಯೋಗರೆ ಸಾಲಿನಲ್ಲಿ ನನ್ನ ಮುಂದೆ ನಿಂತಿದಾರೆ! ಚನ್ನಪಟ್ಟಣದವರಂತೆ. ನಮ್ಮೂರಿಂದ ಒಂದು ಗಂಟೆ ದಾರಿ.

ಶೇ. 46 ಏಷ್ಯನ್ ಅಂತೆ. ಅದರಲ್ಲಿ ಚೀನಾದವರು, ಕೊರಿಯಾದವರು, ಗುಜರಾತಿಗಳು, ತೆಲುಗಿನವರು. ನಮ್ಮ ಮಗುವಿಗೆ ಅದರಿಂದ ಏನು ಬಂತು? ಎಣಿಸೋದಾದರೆ ಕನ್ನಡದವರನ್ನು ಎಣಿಸಿ. ಹತ್ತು ಕನ್ನಡ ಮನೆ ಇರುವ ಊರು ಹುಡುಕಿ, ಬಿಳಿಯರದ್ದೋ ಕರಿಯರದ್ದೋ ಆಮೇಲೆ ನೋಡೋಣ. ಜನಗಣತಿ ಇಲಾಖೆಯವರು ಮನೆಭಾಷೆ ಕೇಳಿದಾಗ ಎಲ್ಲರೂ ಕನ್ನಡ ಅಂತಲೇ ಬರೆಯಬೇಕು. ಕೂಟದವರು ಈಗಲೇ ಅಭಿಯಾನ ಶುರು ಮಾಡಲಿ.

ಹಾಸನ–ಪ್ಲೇನ್ಸ್‌ಬರೊ

ಗೌಡ್ರೆ ಒಪ್ಪಿದೆ. ಆದರೆ ನಮ್ಮ ತೆಲುಗು ಪಕ್ಕದ ಮನೆಯವರು ಮಗನಿಗೆ ಪ್ರತಿ ಭಾನುವಾರ ತೆಲುಗು ಕ್ಲಾಸು ತಪ್ಪಿಸೋದಿಲ್ಲ. ನಾವು ಕ್ರಿಕೆಟ್ ಕೋಚಿಂಗ್ ಅಂತ ಕನ್ನಡ ಶಾಲೆ ಬಿಡಿಸ್ತೀವಿ.

ಮಂಡ್ಯ ಗೌಡ

ಅದೇ ಹೇಳಿದ್ದು ನಾನು. ಅಭಿಮಾನ ಇಲ್ಲ.

ಉಡುಪಿ, ವೆಸ್ಟ್ ವಿಂಡ್ಸರ್

ಈ ಊರುಗಳ ಇನ್ನೊಂದು ಮುಖವನ್ನೂ ಹೇಳಿ ಮಾರಾಯ್ರೆ. 2015ರಲ್ಲಿ ನಮ್ಮ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೊ ಶಾಲೆಗಳ ಸೂಪರಿಂಟೆಂಡೆಂಟ್ ಮಕ್ಕಳ ಒತ್ತಡದ ಬಗ್ಗೆ ಪೋಷಕರಿಗೆ ಉದ್ದನೆಯ ಪತ್ರ ಬರೆದರು. ಹೈಸ್ಕೂಲಿನ ಮಧ್ಯಂತರ, ಅಂತಿಮ ಪರೀಕ್ಷೆ ತೆಗೆದುಹಾಕಿದರು. ಆ ಮೇಲಿನ ಸಭೆಗಳಲ್ಲಿ ಬಿಳಿ ಪೋಷಕರು ಹೆಚ್ಚಿನವರು ಇದು ಒಳ್ಳೆಯದೇ ಅಂತ ಒಂದು ಕಡೆ, ನಮ್ಮವರು, ಚೀನಾದವರು ಹೆಚ್ಚಿನವರು ಬೇಡ ಅಂತ ಇನ್ನೊಂದು ಕಡೆ. ನಾನೂ ನಮ್ಮವರ ಕಡೆಯೇ ಕೈ ಎತ್ತಿದ್ದೆ. ಮಗಳು ಆಗ ಒಂಬತ್ತನೇ ಕ್ಲಾಸು. ರಾತ್ರಿ ಒಂದು ಗಂಟೆಗೆ ಅವಳ ಕೋಣೆಯ ದೀಪ ಉರಿಯುವುದು ನೋಡಿ ನಾನು ಖುಷಿ ಪಡುತ್ತಿದ್ದೆ. ಅಷ್ಟೇ ಹೇಳುವುದು.

ಎಡಿಸನ್ನಲ್ಲೇ ಹುಟ್ಟಿದವಳು

ನನ್ನ ಕನ್ನಡ ತಪ್ಪಿದ್ದರೆ ಕ್ಷಮಿಸಿ, ಅಮ್ಮ ತಿದ್ದಿ ಕೊಟ್ಟಿದ್ದಾರೆ. ನಾನು ಎಡಿಸನ್ ಶಾಲೆಯಲ್ಲೇ ಓದಿದ್ದು. ನನಗೆ ಒಂಟಿ ಅನ್ನಿಸಲಿಲ್ಲ. ಆದರೆ ಕಾಲೇಜಿಗೆ ಹೋಗುವ ತನಕ ನನಗೆ ಒಬ್ಬ ಕಪ್ಪು ಗೆಳತಿ ಇರಲಿಲ್ಲ. ಕಪ್ಪು ಜನ ತುಂಬಾ ಇರುವ ನ್ಯೂವರ್ಕ್ ರೈಲಿನಲ್ಲಿ ಅರ್ಧ ಗಂಟೆ.

ಇಷ್ಟೊಂದು ಉತ್ತರ ಓದಿದೆ. ಪ್ಲೇನ್ಸ್‌ಬರೊ, ವಿಂಡ್ಸರ್, ಬ್ರನ್ಸ್‌ವಿಕ್. ನ್ಯೂವರ್ಕ್, ಈಸ್ಟ್ ಆರೆಂಜ್ ಕಡೆ ಮನೆ ನೋಡಿ ಅಂತ ಯಾರೂ ಹೇಳಲಿಲ್ಲ. "ಒಳ್ಳೆ ಶಾಲೆ" ಅಂತೀರಿ. ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಏನರ್ಥ ಅಂತ ನಮಗೆ ಗೊತ್ತಿತ್ತು.

ಈ ಗಡಿಗಳು ತಾವಾಗಿ ಬಂದವಲ್ಲ. ವಿಲಿಂಗ್‌ಬರೊದಲ್ಲಿ 1958ರಲ್ಲಿ ಲೆವಿಟ್ ಕಂಪನಿ ಸಾವಿರಾರು ಮನೆ ಕಟ್ಟಿ ಮಾರಲು ಇಟ್ಟಿತು, ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇತ್ತು. ಕಪ್ಪು ಜನಕ್ಕೆ ಮಾತ್ರ ಮಾರೋದಿಲ್ಲ ಅಂದಿತು. 1960ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತ ಮೇಲೆ ಮಾರಿತು. ಆಮೇಲೆ ನಿಧಾನವಾಗಿ ಬಿಳಿಯರು ಬಿಟ್ಟು ಹೋದರು. ಈಗ ಅಲ್ಲಿ ಬಹುಪಾಲು ಕಪ್ಪು ಜನ. ಹೀಗೆ ಊರೂರಿಗೆ ಮಕ್ಕಳು ಬೇರೆಯಾಗಿರೋದರ ಮೇಲೆ 2018ರಲ್ಲಿ ರಾಜ್ಯ ಸರ್ಕಾರದ ವಿರುದ್ಧ ಕೇಸೇ ಹಾಕಿದ್ದಾರೆ.

ಶಿರಸಿ ಆಂಟಿ, ನೀವು ಮಾರಿಸ್‌ಟೌನ್ ಕಡೆ ನೋಡಿದ್ದೀರಾ? 1971ರ ಕೋರ್ಟ್ ತೀರ್ಪಿನ ಮೇಲೆ ಪಟ್ಟಣದ ಶಾಲೆಯನ್ನೂ ಸುತ್ತಲಿನ ಮಾರಿಸ್ ಟೌನ್‌ಶಿಪ್ ಶಾಲೆಯನ್ನೂ ಒಂದು ಮಾಡಿದರು. ಅಲ್ಲಿ ಎಲ್ಲ ಥರದ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಾರೆ. ನಿಮ್ಮ ಯಜಮಾನರ ಆಫೀಸಿಗೆ ದೂರವೋ ಏನೋ ಗೊತ್ತಿಲ್ಲ.

ಹಳೇ ಜರ್ಸಿ ಮಾವ

ಮಗೂ, ಓದಿದವಳು ನೀನು, ಚೆನ್ನಾಗಿ ಹೇಳಿದೆ. ಆದರೆ ನಿಮ್ಮಪ್ಪ ಎಡಿಸನ್ ಆರಿಸಿದ್ದರಿಂದಲೇ ನೀನು ಇಷ್ಟು ಓದಿದ್ದು. ನಾವು ಯಾರ ಮೇಲೂ ದ್ವೇಷದಿಂದ ಮನೆ ತೆಗೆದುಕೊಳ್ಳಲಿಲ್ಲ. 30 ವರ್ಷದ ಸಾಲ ತಲೆ ಮೇಲೆ ಇದ್ದಾಗ ಮನೆ ಬೆಲೆ ಇಳಿಯಬಾರದು ಅಂತ ನೋಡಿದೆವು.

ಎಡಿಸನ್ನಲ್ಲೇ ಹುಟ್ಟಿದವಳು

ಬಿಳಿಯರೂ ಅದನ್ನೇ ಹೇಳಿದ್ದು ಅಂಕಲ್, ವಿಲಿಂಗ್‌ಬರೊದಲ್ಲಿ.

ಮಂಡ್ಯ ಗೌಡ

ಅದೆಲ್ಲ ಇರಲಿ. ಮಲಯಾಳಂ ಸಾಲಿಂದ ಕನ್ನಡ ಹೊರಗೆ ತರಬೇಕಾದರೆ ಯಾರಿಗೆ ಅರ್ಜಿ ಹಾಕಬೇಕು? ಲೆಕ್ಕಿಗರೇ, ಕರಡು ಬರೆದು ಕೊಡ್ತೀರಾ? ನಾನು 500 ಸಹಿ ತರ್ತೀನಿ.

ಬಂಟ್ವಾಳ, ಪಿಸ್ಕಾಟವೇ

ಹಾಗಾದರೆ ತುಳುವಿಗೂ ಒಂದು ಸಾಲು ಕೇಳಿ.

ಮಂಡ್ಯ ಗೌಡ

ಮೊದಲು ಕನ್ನಡ ಆಗಲಿ ಸ್ವಾಮಿ.

ಬಂಟ್ವಾಳ, ಪಿಸ್ಕಾಟವೇ

ಯಾವಾಗಲೂ ಇದೇ ಮಾತು.

ಗುಂಪಿನ ನಿರ್ವಾಹಕರು

ಭಾಷೆ ಜಗಳ ಇಲ್ಲಿ ಬೇಡ ದಯವಿಟ್ಟು. ಸಹಿ ಸಂಗ್ರಹಕ್ಕೆ ಬೇರೆ ಎಳೆ ತೆರೆಯಿರಿ. ಪಿಕ್ನಿಕ್‌ಗೆ ಹೆಸರು ಕೊಡಲು ಶುಕ್ರವಾರ ಕೊನೆ, ಅನ್ನದ ಬಾಬತ್ತು ಯಾರೂ ತಗೊಂಡಿಲ್ಲ.

ಶಿರಸಿ ಅಮ್ಮ, ಎಡಿಸನ್

ಎಲ್ಲರಿಗೂ ಧನ್ಯವಾದ. ಧಾರವಾಡದ ಅಕ್ಕ, ನಿಮಗೆ ಫೋನ್ ಮಾಡ್ತೀನಿ. ಮಾರಿಸ್‌ಟೌನ್ ದೂರ ಆಗುತ್ತೆ, ಆದರೂ ಒಂದು ಸಲ ಹೋಗಿ ನೋಡಬೇಕು ಅಂತಿದ್ದೀನಿ.

ಲೆಕ್ಕಿಗರು ಹೇಳಿದ ಹಾಗೆ ಆ ಶಾಲೆಯ ಲೆಕ್ಕ ತೆಗೆದೆ. ಇಡೀ ಶಾಲೆಗೆ ಏಷ್ಯನ್ ಮಕ್ಕಳು 19. ಐದು ವರ್ಷದ ಹಿಂದೆ 8 ಇತ್ತು. ಬುಧವಾರ ಬಸ್ ಬರುವ ಹೊತ್ತಿಗೆ ಹೋಗಿ ನಿಂತಿದ್ದೆ. ಕೊನೆಗೆ ಇಳಿದ ಹುಡುಗಿಗೆ ಎರಡು ಜಡೆ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದಿದ್ದು. ಅವರಮ್ಮ ದೂರದಲ್ಲಿ ಕಾರಿನಲ್ಲಿದ್ದರು, ಮಾತಾಡಿಸಲು ಧೈರ್ಯ ಬರಲಿಲ್ಲ. ಸೋಮವಾರ ಮತ್ತೆ ಹೋಗ್ತೀನಿ.

ಮಂಡ್ಯ ಗೌಡ

ಒಳ್ಳೇದಾಯ್ತು ತಂಗಿ. ಎರಡು ಜಡೆ ಅಂದ್ರೆ, ನಮ್ಮವರಾ ತೆಲುಗಿನವರಾ?